ಡ್ರೈವ್ ಕಾಣದಿದ್ದಾಗ ಮೊದಲು ಕೇಳಬೇಕಾದ ಪ್ರಶ್ನೆ

ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಸಿಕ್ಕಿಸಿದರೂ ಲ್ಯಾಪ್‌ಟಾಪ್‌ನಲ್ಲಿ ಕಾಣುತ್ತಿಲ್ಲ ಎಂದು ಯಾರಾದರೂ ಬಾಯಿ ಬಿಟ್ಟರೆ ಸಾಕು, ಸಲಹೆಗಳಿಗೇನೂ ಬರವಿರುವುದಿಲ್ಲ. ಪೋರ್ಟ್ ಬದಲಿಸಿ, ಕೇಬಲ್ ಬದಲಿಸಿ, ಡ್ರೈವರ್ ಅಪ್‌ಡೇಟ್ ಮಾಡಿ, ಡ್ರೈವ್ ಲೆಟರ್ ಕೊಟ್ಟು ನೋಡಿ, ಚೆಕ್‌ಡಿಸ್ಕ್ ಓಡಿಸಿ, ಯಾವುದಕ್ಕೂ ಜಗ್ಗದಿದ್ದರೆ ಫಾರ್ಮ್ಯಾಟ್ ಮಾಡಿ. ಈ ಸಲಹೆಗಳಲ್ಲಿ ಸುಳ್ಳೇನಿಲ್ಲ, ಪ್ರತಿಯೊಂದೂ ಯಾವುದೋ ಒಂದು ಸಂದರ್ಭಕ್ಕೆ ಸರಿಯಾಗಿಯೇ ಹೊಂದುತ್ತದೆ. ಎಡವಟ್ಟಾಗುವುದು ಎಲ್ಲವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದಾಗ. ಕೇಬಲ್ ಬದಲಿಸಿದರೆ ಡಿಸ್ಕಿನ ಮೇಲೆ ಒಂದು ಅಕ್ಷರವೂ ಅತ್ತಿತ್ತ ಆಗುವುದಿಲ್ಲ. ಚೆಕ್‌ಡಿಸ್ಕ್ ಹಾಗಲ್ಲ, ಅದು ದುರಸ್ತಿ ಮಾಡುತ್ತೇನೆಂದು ಹೊರಟು ಡಿಸ್ಕಿನ ಮೇಲೆ ಬರೆಯುತ್ತದೆ. ಫಾರ್ಮ್ಯಾಟ್ ಅಂತೂ ಇದ್ದ ಲೆಕ್ಕದ ಪುಸ್ತಕವನ್ನೇ ತೆಗೆದು ಹೊಸದನ್ನು ಇಡುತ್ತದೆ. ಡಿಸ್ಕ್ ಹೋದರೆ ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ. ಅದರೊಳಗಿನ ಮದುವೆ ಆಲ್ಬಮ್ಮು, ಪ್ರಬಂಧದ ಕರಡು, ಜೆರಾಕ್ಸ್ ಅಂಗಡಿಯವರು ಹತ್ತು ವರ್ಷದಿಂದ ಕೂಡಿಟ್ಟ ನುಡಿ ಫೈಲುಗಳು ಸಿಗುವುದಿಲ್ಲ. ಹೀಗಿರುವಾಗ ಸಲಹೆಗಳನ್ನು ವಿಂಗಡಿಸಬೇಕಾದದ್ದು ಯಾವುದು ಸುಲಭ ಎಂದು ನೋಡಿಕೊಂಡಲ್ಲ, ಯಾವುದು ಬರೇ ವಿಚಾರಿಸುತ್ತದೆ, ಯಾವುದು ತಿದ್ದಲು ಕೈ ಹಾಕುತ್ತದೆ ಎಂಬುದನ್ನು ನೋಡಿಕೊಂಡು. ಸರಿಪಡಿಸುವುದು ಹೇಗೆ ಎಂಬುದು ಆಮೇಲಿನ ಮಾತು. ಡ್ರೈವ್ ಎಲ್ಲಿಯವರೆಗೆ ಬಂದು ನಿಂತಿದೆ ಎಂಬುದು ಮೊದಲು ಗೊತ್ತಾಗಬೇಕು.

ಡ್ರೈವ್ ಸಿಕ್ಕಿಸಿದ ಗಳಿಗೆಯಿಂದ ಅದರ ಐಕಾನ್ ಮೂಡುವವರೆಗೆ ಕೆಲವು ಸೆಕೆಂಡುಗಳಷ್ಟೇ ಕಳೆಯುತ್ತವೆ. ಆ ಅವಧಿಯಲ್ಲಿ ನಡೆಯುವ ಮಾತುಕತೆ ಮಾತ್ರ ದೊಡ್ಡದು. ಮೊದಲು 5 ವೋಲ್ಟ್ ವಿದ್ಯುತ್ ಡ್ರೈವಿಗೆ ಹರಿಯುತ್ತದೆ. ಯುಎಸ್‌ಬಿ 2.0 ಕ್ರಮದಲ್ಲಾದರೆ ಡ್ರೈವಿನೊಳಗಿನ 1.5 ಕಿಲೋಓಮ್‌ನ ಒಂದು ಚಿಕ್ಕ ರೆಸಿಸ್ಟರ್ ಡೇಟಾ ತಂತಿಗಳಲ್ಲೊಂದನ್ನು ಮೇಲಕ್ಕೆಳೆಯುತ್ತದೆ. ಯಾರೋ ಬಂದಿದ್ದಾರೆಂದು ಲ್ಯಾಪ್‌ಟಾಪ್‌ಗೆ ತಿಳಿಯುವುದು ಅಷ್ಟರಿಂದಲೇ. ಕೂಡಲೇ ಅದು ರೀಸೆಟ್ ಮಾಡಿ, ನೀನು ಯಾರು ಎಂದು ಕೇಳುತ್ತದೆ. ಡ್ರೈವ್ ತನ್ನ ತಯಾರಕರ ಸಂಖ್ಯೆ, ಮಾದರಿಯ ಸಂಖ್ಯೆ, ಬೇಕಾದ ವಿದ್ಯುತ್ತಿನ ಪ್ರಮಾಣ, ತಾನು ಸಂಗ್ರಹದ ಸಾಧನ ಎಂಬ ವಿವರ ಇಷ್ಟನ್ನೂ ಡಿಸ್ಕ್ರಿಪ್ಟರ್‌ಗಳಲ್ಲಿ ಒಪ್ಪಿಸಬೇಕು. ಈ ನಡುವೆಯೇ ಅದಕ್ಕೆ 1ರಿಂದ 127ರೊಳಗಿನ ಒಂದು ವಿಳಾಸವೂ ಸಿಗುತ್ತದೆ. ಆಮೇಲೆ ಆಪರೇಟಿಂಗ್ ಸಿಸ್ಟಮ್ ಅದಕ್ಕೆ ಡ್ರೈವರ್ ಜೋಡಿಸಿ, ನಿನ್ನ ಗಾತ್ರವೆಷ್ಟು ಎಂದು ಕೇಳುತ್ತದೆ, ಮೊದಲ ಸೆಕ್ಟರುಗಳನ್ನು ಓದಿ ಪಾರ್ಟಿಶನ್ ಪಟ್ಟಿ ಹುಡುಕುತ್ತದೆ, ಪಾರ್ಟಿಶನ್‌ನೊಳಗೆ ತನಗೆ ಅರ್ಥವಾಗುವ ಫೈಲ್ ಸಿಸ್ಟಮ್ ಇದೆಯೇ ಎಂದು ನೋಡುತ್ತದೆ, ಇದ್ದರೆ ಕೊನೆಗೆ ಒಂದು ಅಕ್ಷರವನ್ನೋ ಮೌಂಟ್ ಆಗುವ ಜಾಗವನ್ನೋ ಕೊಡುತ್ತದೆ. ಇದರಲ್ಲಿ ಯಾವ ಮೆಟ್ಟಿಲಿನಲ್ಲಿ ಮುಗ್ಗರಿಸಿದರೂ ಬಳಕೆದಾರರಿಗೆ ಕಾಣುವುದು ಒಂದೇ: ಐಕಾನ್ ಇಲ್ಲ. 1996ರಲ್ಲಿ ಯುಎಸ್‌ಬಿಯ ಮೊದಲ ಆವೃತ್ತಿ ಬಂದಾಗ ಅದರ ದೊಡ್ಡ ಭರವಸೆಯೇ ಈ ವ್ಯವಹಾರವನ್ನೆಲ್ಲ ಬಳಕೆದಾರರ ಕಣ್ಣಿಂದ ಮರೆಮಾಡುವುದಾಗಿತ್ತು. ಸಿಕ್ಕಿಸಿದರೆ ಮುಗಿಯಿತು, ಮಿಕ್ಕದ್ದು ತಾನೇ ಆಗುತ್ತದೆ. ಆ ಭರವಸೆ ಅಷ್ಟು ಚೆನ್ನಾಗಿ ಈಡೇರಿದ್ದರಿಂದಲೇ, ಕೆಟ್ಟು ನಿಂತಾಗ ನೋಡಲು ಎಲ್ಲಿಗೆ ಹೋಗಬೇಕೆಂಬುದು ಯಾರಿಗೂ ಅಭ್ಯಾಸವಾಗಿಲ್ಲ.

ಮೊದಲ ಮೆಟ್ಟಿಲು ವಿದ್ಯುತ್ತು. ಅತಿ ಹೆಚ್ಚು ಡ್ರೈವುಗಳು ಇಲ್ಲಿಯೇ ನಿಲ್ಲುತ್ತವೆ ಎಂದು ನಂಬಲು ಕಾರಣ ಲೆಕ್ಕದಲ್ಲೇ ಇದೆ. ನಿಯಮದ ಪ್ರಕಾರ ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪಿಯರ್, 3.0 ಪೋರ್ಟ್ ಕೊಡಬೇಕಾದದ್ದು 900. ಎರಡೂವರೆ ಇಂಚಿನ ಹಾರ್ಡ್‌ಡಿಸ್ಕ್ ಒಮ್ಮೆ ತಿರುಗತೊಡಗಿದ ಮೇಲೆ ಇಷ್ಟರಲ್ಲಿ ಸಂಸಾರ ನಡೆಸುತ್ತದೆ, ಆದರೆ ನಿಂತ ತಟ್ಟೆಯನ್ನು ವೇಗಕ್ಕೆ ತರುವ ಮೊದಲ ಕ್ಷಣಗಳಲ್ಲಿ ಒಂದು ಆಂಪಿಯರ್‌ನ ಹತ್ತಿರಕ್ಕೆ ಎಳೆಯಬಲ್ಲದು. ಹೊಸ ಲ್ಯಾಪ್‌ಟಾಪ್‌ಗಳ ಪೋರ್ಟುಗಳು ಸಾಮಾನ್ಯವಾಗಿ ನಿಯಮಕ್ಕಿಂತ ಸ್ವಲ್ಪ ಉದಾರವಾಗಿರುತ್ತವೆ. ಹಳೆಯದರಲ್ಲಿ, ಬ್ಯಾಟರಿ ಇಳಿದಿರುವಾಗ, ಅಥವಾ ಸ್ವಂತ ಅಡಾಪ್ಟರ್ ಇಲ್ಲದ ಹಬ್ ಒಂದರ ಮೂಲಕ ಸಿಕ್ಕಿಸಿದಾಗ ಆ ಉದಾರತೆ ಇರುವುದಿಲ್ಲ. ಯುಎಸ್‌ಬಿ 2.0 ನಿಯಮದಂತೆ ಅಂಥ ಹಬ್ಬಿನ ಒಂದೊಂದು ಪೋರ್ಟಿಗೆ ಸಿಗಬೇಕಾದದ್ದು ಬರೇ 100 ಮಿಲಿಆಂಪಿಯರ್. ಮೌಸಿಗೆ ಅದು ಧಾರಾಳ, ಹಾರ್ಡ್‌ಡಿಸ್ಕಿಗೆ ಉಪವಾಸ. ಡ್ರೈವಿಗೆ ಕಿವಿ ಕೊಟ್ಟರೆ ಇದು ಕೇಳಿಸುತ್ತದೆ: ಸುಯ್ ಎಂದು ತಿರುಗಲು ತೊಡಗಿ, ಒಂದು ಟಕ್ ಸದ್ದಾಗಿ, ಮತ್ತೆ ನಿಂತು, ಮತ್ತೆ ಅದನ್ನೇ ಶುರುಮಾಡುತ್ತದೆ, ದೀಪ ಮಿನುಗಿ ಆರುತ್ತದೆ. ಮೂರೂವರೆ ಇಂಚಿನ ದೊಡ್ಡ ಡ್ರೈವುಗಳಿಗೆ 12 ವೋಲ್ಟ್ ಬೇಕಾಗುವುದರಿಂದ ಅವಕ್ಕೆ ಬೇರೆಯೇ ಅಡಾಪ್ಟರ್ ಇರುತ್ತದೆ. ಒಂದು ಪಿನ್ನಿನ ಆಕಾರ ಹೊಂದಿತೆಂದು ರೂಟರ್‌ನ ಅಡಾಪ್ಟರನ್ನು ಅದಕ್ಕೆ ಚುಚ್ಚುವ ಸಾಹಸ ನಮ್ಮ ಮನೆಗಳಲ್ಲಿ ಅಪರೂಪವೇನಲ್ಲ; ವೋಲ್ಟೇಜ್ ಹೊಂದದಿದ್ದರೆ ಡ್ರೈವಿನ ಸರ್ಕ್ಯೂಟ್ ಸುಡಲು ಅದೊಂದೇ ಸಾಕು.

ಕೇಬಲ್ಲಿನ ವಿಚಾರ ಇದಕ್ಕೆ ಅಂಟಿಕೊಂಡೇ ಇದೆ. ಮೊಬೈಲ್ ಚಾರ್ಜ್ ಮಾಡಲೆಂದೇ ತಯಾರಾದ ಅಗ್ಗದ ಕೆಲವು ಕೇಬಲ್ಲುಗಳಲ್ಲಿ ಡೇಟಾ ತಂತಿಗಳೇ ಇರುವುದಿಲ್ಲ, ಡ್ರೈವಿನ ದೀಪ ಹತ್ತುತ್ತದೆ, ತಟ್ಟೆ ತಿರುಗುತ್ತದೆ, ಲ್ಯಾಪ್‌ಟಾಪ್‌ಗೆ ಮಾತ್ರ ಏನೂ ತಿಳಿಯುವುದಿಲ್ಲ. ಪೋರ್ಟಬಲ್ ಹಾರ್ಡ್‌ಡಿಸ್ಕ್‌ಗಳಲ್ಲಿ ಸಾಮಾನ್ಯವಾದ ಆ ಚಪ್ಪಟೆ, ಅಗಲ ಮೈಕ್ರೋ-ಬಿ ಪ್ಲಗ್ ಇನ್ನೊಂದು ದುರ್ಬಲ ಜಾಗ. 3.0 ಕೇಬಲ್ಲಿನಲ್ಲಿ ಹಳೆಯ ನಾಲ್ಕು ತಂತಿಗಳ ಜೊತೆ ವೇಗದ ಸಂಪರ್ಕಕ್ಕಾಗಿ ಇನ್ನೂ ಐದು ಇವೆ. ಸಡಿಲಾದ ಪ್ಲಗ್ಗಿನಲ್ಲಿ ಅವು ಸರಿಯಾಗಿ ತಾಗದಿದ್ದರೆ ಡ್ರೈವ್ ಒಮ್ಮೆ 3.0 ಎಂದು, ಒಮ್ಮೆ 2.0 ಎಂದು ಬಂದುಹೋಗುತ್ತ ಗೊಂದಲ ಎಬ್ಬಿಸುತ್ತದೆ. ಕರಾವಳಿಯ ಉಪ್ಪು ಗಾಳಿಯಲ್ಲಿ, ಮಳೆಗಾಲದ ತೇವದಲ್ಲಿ ಈ ತೆಳು ಲೋಹದ ಮೈ ಮಂಕಾಗುವುದು ಬೇಗ. ಅದಕ್ಕೇ ಬೇರೆ ಕೇಬಲ್, ಲ್ಯಾಪ್‌ಟಾಪ್‌ನದೇ ನೇರ ಪೋರ್ಟ್, ಬೇರೆಯದೊಂದು ಲ್ಯಾಪ್‌ಟಾಪ್ ಈ ಮೂರು ಪರೀಕ್ಷೆಗಳು ಎಲ್ಲಕ್ಕಿಂತ ಮೊದಲು ಬರಬೇಕು. ಕೊನೆಯದಂತೂ ಒಂದೇ ಏಟಿಗೆ ತಪ್ಪು ಡ್ರೈವಿನದೋ ಲ್ಯಾಪ್‌ಟಾಪ್‌ನದೋ ಎಂದು ಹೇಳಿಬಿಡುತ್ತದೆ.

ಇಲ್ಲೊಂದು ಆಕ್ಷೇಪ ಬರುವುದು ಸಹಜ. ಬಹುಪಾಲು ಸಲ ಕೇಬಲ್ಲೇ ಕಾರಣವಾಗಿರುವಾಗ ಡಿಸ್ಕ್ರಿಪ್ಟರ್, ವಿಳಾಸ, ಮೆಟ್ಟಿಲು ಎಂದು ಇಷ್ಟೆಲ್ಲ ಪುರಾಣ ಏಕೆ, ಬದಲಿಸಿ ನೋಡಿದರೆ ಆಯಿತಲ್ಲ ಎಂದು. ಬದಲಿಸಿ ನೋಡಲೇಬೇಕು, ಅದಕ್ಕೆ ಅಡ್ಡಿಯಿಲ್ಲ, ಏಕೆಂದರೆ ಅದರಿಂದ ಹಾನಿಯಿಲ್ಲ. ಪುರಾಣ ಬೇಕಾಗುವುದು ಕೇಬಲ್ ಬದಲಿಸಿದರೂ ಫಲ ಸಿಗದೆ, ಪಟ್ಟಿಯಲ್ಲಿ ಮುಂದೇನಿದೆ ಎಂದು ಕೈ ಕೆಳಕ್ಕೆ ಜಾರುವ ಹೊತ್ತಿನಲ್ಲಿ. ಆಗ ಲ್ಯಾಪ್‌ಟಾಪ್ ಏನು ಕಂಡಿದೆ ಎಂದು ಅದನ್ನೇ ಕೇಳಬಹುದು. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆದಿಟ್ಟು ಡ್ರೈವನ್ನು ಸಿಕ್ಕಿಸಿ ತೆಗೆಯುತ್ತ ನೋಡಿದರೆ ಪಟ್ಟಿ ಅಲುಗುತ್ತದೆಯೇ ಇಲ್ಲವೇ ಎಂಬುದೇ ಮೊದಲ ಸಾಕ್ಷಿ. ಅಲುಗದಿದ್ದರೆ ವಿದ್ಯುತ್ತು, ಕೇಬಲ್ಲು, ಪೋರ್ಟು, ಇಲ್ಲವೇ ಡ್ರೈವಿನ ಸರ್ಕ್ಯೂಟು. ಅದರಾಚೆಗೆ ಹೋಗುವ ಅಗತ್ಯವಿಲ್ಲ. ಅನ್‌ನೋನ್ ಯುಎಸ್‌ಬಿ ಡಿವೈಸ್ ಎಂದು ಬಂದು, ಕೋಡ್ 43ರ ಜೊತೆ ಡಿಸ್ಕ್ರಿಪ್ಟರ್ ಕೋರಿಕೆ ವಿಫಲ ಎಂದಿದ್ದರೆ, ಯಾರೋ ಬಂದಿದ್ದಾರೆಂದು ಲ್ಯಾಪ್‌ಟಾಪ್‌ಗೆ ತಿಳಿದಿದೆ, ಹೆಸರು ಕೇಳಿದಾಗ ಉತ್ತರ ಬಂದಿಲ್ಲ ಎಂದರ್ಥ. ಲಿನಕ್ಸ್ ಇದಕ್ಕಿಂತ ಬಾಯಾಳಿ: ಡಿ-ಮೆಸೇಜ್ (dmesg) ಕಮಾಂಡ್ ಕೊಟ್ಟರೆ ಸಿಕ್ಕಿಸಿದ ಕ್ಷಣದಿಂದ ಆದದ್ದನ್ನೆಲ್ಲ ಸಾಲುಸಾಲಾಗಿ ಒದರುತ್ತದೆ. ಪೆನ್‌ಡ್ರೈವಿನಿಂದಲೇ ಬೂಟ್ ಆಗುವ ಲಿನಕ್ಸ್ ಒಂದನ್ನು ಇಟ್ಟುಕೊಂಡಿರುವುದು ಈ ಕಾರಣಕ್ಕೇ ಉಪಯುಕ್ತ, ಲಿನಕ್ಸ್ ಬಳಸುವ ಇರಾದೆ ಇಲ್ಲದವರಿಗೂ.

ಡ್ರೈವರ್ ಅಪ್‌ಡೇಟ್ ಮಾಡಿ ಎಂಬ ಸಲಹೆಗೆ ಈ ಪಟ್ಟಿಯಲ್ಲಿ ಸಿಕ್ಕಿರುವ ಸ್ಥಾನ ಅದರ ಯೋಗ್ಯತೆಗೆ ಮೀರಿದ್ದು. ವಿಂಡೋಸ್ 98ರ ಕಾಲದಲ್ಲಿ ಪೆನ್‌ಡ್ರೈವ್ ಕೊಂಡರೆ ಜೊತೆಗೊಂದು ಸಿ.ಡಿ. ಬರುತ್ತಿತ್ತು, ಅದರಿಂದ ಡ್ರೈವರ್ ಹಾಕದಿದ್ದರೆ ಕೆಲಸ ನಡೆಯುತ್ತಿರಲಿಲ್ಲ. ಆ ನೆನಪು ಇನ್ನೂ ಸಲಹೆಗಳಲ್ಲಿ ಉಸಿರಾಡುತ್ತಿದೆ. ವಿಂಡೋಸ್ 2000ದಿಂದ ಈಚೆಗೆ ಎಲ್ಲ ಸಂಗ್ರಹ ಸಾಧನಗಳಿಗೂ ಒಂದೇ ಸಾಮಾನ್ಯ ಡ್ರೈವರ್ ವ್ಯವಸ್ಥೆಯೊಳಗೇ ಇದೆ, ವಿಂಡೋಸ್ 8ರಿಂದ ಹೆಚ್ಚು ವೇಗದ ಇನ್ನೊಂದು ಸೇರಿಕೊಂಡಿದೆ. ಆ ಸಾಮಾನ್ಯ ಡ್ರೈವರ್ ನಿಜಕ್ಕೂ ಕೆಟ್ಟಿದ್ದರೆ ಪಕ್ಕದ ಮನೆಯವರ ಪೆನ್‌ಡ್ರೈವ್ ಕೂಡ ಆ ಲ್ಯಾಪ್‌ಟಾಪ್‌ನಲ್ಲಿ ತೆರೆಯಬಾರದು. ತೆರೆಯುತ್ತದೆ ಎಂದಾದರೆ ಡ್ರೈವರ್ ಹುಡುಕಿ ಗೊತ್ತಿಲ್ಲದ ಜಾಲತಾಣಗಳಿಂದ ಅಪ್‌ಡೇಟರ್ ಇಳಿಸಿಕೊಳ್ಳುವುದು ಇಲ್ಲದ ರೋಗಕ್ಕೆ ಔಷಧಿ ಕುಡಿದಂತೆ. ಡಿವೈಸ್ ಮ್ಯಾನೇಜರ್‌ನಲ್ಲಿ ಆ ಸಾಧನವನ್ನು ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಸಿಕ್ಕಿಸುವುದು ಮಾತ್ರ ಹಾನಿಯಿಲ್ಲದ, ಆಗಾಗ ಫಲಿಸುವ ಉಪಾಯ, ಏಕೆಂದರೆ ಅದು ಮುಟ್ಟುವುದು ಲ್ಯಾಪ್‌ಟಾಪ್‌ನ ನೆನಪನ್ನು, ಡಿಸ್ಕನ್ನಲ್ಲ.

ಡಿವೈಸ್ ಮ್ಯಾನೇಜರ್‌ನಲ್ಲಿ ಡ್ರೈವ್ ಸರಿಯಾದ ಹೆಸರಿನೊಂದಿಗೆ ಕಂಡಿದೆ, ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ಇಲ್ಲ ಎಂದಾದರೆ ನೋಡಬೇಕಾದ ಜಾಗ ಡಿಸ್ಕ್ ಮ್ಯಾನೇಜ್‌ಮೆಂಟ್. ಇಡೀ ವಿಷಯದ ನಡುಗಂಬ ಇದು, ಅಪಾಯವೂ ಇಲ್ಲೇ ಕೂತಿದೆ. ಕಿಟಕಿ ತೆರೆದೊಡನೆ ವಿಂಡೋಸ್ ಕೆಲವೊಮ್ಮೆ ತಾನಾಗಿ ಒಂದು ಪೆಟ್ಟಿಗೆ ಮುಂದಿಡುತ್ತದೆ: ಬಳಸುವ ಮೊದಲು ಈ ಡಿಸ್ಕನ್ನು ಇನಿಶಿಯಲೈಸ್ ಮಾಡಬೇಕು, ಎಂ.ಬಿ.ಆರ್. ಬೇಕೋ ಜಿ.ಪಿ.ಟಿ. ಬೇಕೋ. ಹೊಸ, ಖಾಲಿ ಡಿಸ್ಕಿಗೆ ಇದು ಸರಿಯಾದ ಪ್ರಶ್ನೆ. ನಿನ್ನೆಯವರೆಗೆ ಫೈಲುಗಳಿದ್ದ ಡಿಸ್ಕಿಗೆ ಈ ಪ್ರಶ್ನೆ ಬಂದಿದೆ ಎಂದರೆ ಮೊದಲ ಸೆಕ್ಟರನ್ನು ಓದಲಾಗಿಲ್ಲ, ಇಲ್ಲವೇ ಅಲ್ಲಿದ್ದ ಪಟ್ಟಿ ಹಾಳಾಗಿದೆ ಎಂದು. ಓಕೆ ಒತ್ತಿದರೆ ಅಲ್ಲಿ ಉಳಿದಿದ್ದ ಪಟ್ಟಿಯ ಮೇಲೆ ಹೊಸ ಖಾಲಿ ಪಟ್ಟಿ ಬರುತ್ತದೆ. ಇನ್ನೊಂದು ಪೆಟ್ಟಿಗೆ ಇದಕ್ಕಿಂತ ಸಾಮಾನ್ಯ: ಡ್ರೈವನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ? ಪಾರ್ಟಿಶನ್ ಸಿಕ್ಕಿದೆ, ಅದರೊಳಗಿನ ಫೈಲ್ ಸಿಸ್ಟಮ್ ವಿಂಡೋಸ್‌ಗೆ ಅರ್ಥವಾಗಿಲ್ಲ ಎಂಬುದಷ್ಟೇ ಇದರ ಅರ್ಥ. ಅರ್ಥವಾಗದ್ದಕ್ಕೆ ಅಳಿಸಿಹಾಕೋಣವೇ ಎಂದು ಕೇಳುವ ಈ ವಿನ್ಯಾಸ ನನ್ನ ದೃಷ್ಟಿಯಲ್ಲಿ ತಪ್ಪು. ನನಗೆ ಇದು ಓದಲು ಬರುತ್ತಿಲ್ಲ ಎಂದು ಹೇಳಿ ಸುಮ್ಮನಾಗಿದ್ದರೆ ಎಷ್ಟೋ ಮನೆಗಳ ಫೋಟೋಗಳು ಉಳಿಯುತ್ತಿದ್ದವು. ಎರಡು ಪೆಟ್ಟಿಗೆಗಳಿಗೂ ಉತ್ತರ ಒಂದೇ, ಕ್ಯಾನ್ಸಲ್.

ಅರ್ಥವಾಗದಿರುವುದಕ್ಕೆ ಕಾರಣ ಯಾವಾಗಲೂ ರೋಗವೇ ಆಗಿರಬೇಕಿಲ್ಲ. ಮ್ಯಾಕ್‌ನಲ್ಲಿ ತಯಾರಾದ ಡಿಸ್ಕ್ ಎಚ್‌ಎಫ್‌ಎಸ್ ಪ್ಲಸ್‌ನಲ್ಲೋ, 2017ರ ನಂತರದ್ದಾದರೆ ಎಪಿಎಫ್‌ಎಸ್‌ನಲ್ಲೋ ಇರುತ್ತದೆ. ಲಿನಕ್ಸ್‌ನದು ಇಎಕ್ಸ್‌ಟಿ4 ಇರುತ್ತದೆ. ಇವನ್ನು ವಿಂಡೋಸ್‌ನ ಎಕ್ಸ್‌ಪ್ಲೋರರ್ ತಾನಾಗಿ ತೆರೆಯುವುದಿಲ್ಲ. ಮದುವೆ ಚಿತ್ರೀಕರಿಸುವ ಸ್ಟುಡಿಯೋದಲ್ಲಿ ಎಡಿಟಿಂಗ್ ಮ್ಯಾಕ್‌ನಲ್ಲಿ ನಡೆದು, ಡಿಸ್ಕ್ ಗ್ರಾಹಕರ ವಿಂಡೋಸ್ ಲ್ಯಾಪ್‌ಟಾಪ್‌ಗೆ ಹೋದಾಗ ಈ ಸಮಸ್ಯೆ ಎದ್ದರೆ ಡಿಸ್ಕಿಗೆ ಏನೂ ಆಗಿಲ್ಲ. ಮ್ಯಾಕ್ ಇರುವವರ ಬಳಿಗೆ ಒಯ್ದರೆ ಎಲ್ಲವೂ ತೆರೆದುಕೊಳ್ಳುತ್ತದೆ. ತಿರುಗುಮುರುಗಾದರೆ, ಎನ್‌ಟಿಎಫ್‌ಎಸ್ ಡಿಸ್ಕನ್ನು ಮ್ಯಾಕ್ ಓದುತ್ತದೆ, ಬರೆಯಲು ಬಿಡುವುದಿಲ್ಲ. ಎರಡೂ ಕಡೆ ಒಗ್ಗುವುದು 2006ರಲ್ಲಿ ಮೈಕ್ರೋಸಾಫ್ಟ್ ತಂದ ಎಕ್ಸ್‌ಫ್ಯಾಟ್, ಆದರೆ ಅದಕ್ಕೆ ಜರ್ನಲ್ ಎಂಬ ರಕ್ಷಣೆ ಇಲ್ಲ. ಬರೆಯುತ್ತಿರುವಾಗ ಕಿತ್ತರೆ ಪೆಟ್ಟು ಎನ್‌ಟಿಎಫ್‌ಎಸ್‌ಗಿಂತ ಜೋರಾಗಿ ಬೀಳುತ್ತದೆ. ಹಾಗೆ ಕಿತ್ತ ಎಕ್ಸ್‌ಫ್ಯಾಟ್ ಡಿಸ್ಕನ್ನು ಮ್ಯಾಕ್‌ಗೆ ಹಾಕಿದರೆ ಅದು ಮರೆಯಲ್ಲಿ ಪರಿಶೀಲನೆ ನಡೆಸುತ್ತ ಕೂರುತ್ತದೆ, ದೊಡ್ಡ ಡಿಸ್ಕಾದರೆ ಐಕಾನ್ ಬರಲು ಬಹಳ ಹೊತ್ತು ಹಿಡಿಯಬಹುದು, ಕಾಣುತ್ತಿಲ್ಲವೆಂದು ಮತ್ತೆ ಕಿತ್ತರೆ ಮತ್ತೆ ಮೊದಲಿನಿಂದ. ಆಪಲ್ ಚಿಪ್ಪಿನ ಮ್ಯಾಕ್‌ಬುಕ್‌ಗಳಲ್ಲಿ 2022ರ ವೆಂಚುರಾದಿಂದ ಹೊಸ ಸಾಧನಕ್ಕೆ ಅನುಮತಿ ಕೇಳುವ ಪದ್ಧತಿಯೂ ಇದೆ, ಅದನ್ನು ಗಮನಿಸದೆ ಡ್ರೈವನ್ನು ದೂರಬಾರದು. ಇನ್ನು ವಿಂಡೋಸ್‌ನಲ್ಲಿ ಡಿಸ್ಕು ಆಫ್‌ಲೈನ್ ಎಂದಿದ್ದರೆ ಆನ್‌ಲೈನ್ ಮಾಡುವುದು, ಪಾರ್ಟಿಶನ್ ಆರೋಗ್ಯವಾಗಿದ್ದು ಅಕ್ಷರವೊಂದೇ ಇಲ್ಲದಿದ್ದರೆ ಅಕ್ಷರ ಕೊಡುವುದು ಇವು ಒಂದು ನಿಮಿಷದ ಕೆಲಸ.

ಪಾರ್ಟಿಶನ್ ಮುಂದೆ ರಾ (RAW), ಅಂದರೆ ಫೈಲ್ ಸಿಸ್ಟಮ್ ಗುರುತಾಗಿಲ್ಲ ಎಂದು ಬರೆದಿದ್ದು, ಆ ಡಿಸ್ಕ್ ನಿನ್ನೆಯವರೆಗೆ ಇದೇ ಲ್ಯಾಪ್‌ಟಾಪ್‌ನಲ್ಲಿ ತೆರೆಯುತ್ತಿತ್ತು ಎಂದರೆ ವಿಷಯ ಗಂಭೀರ. ಚೆಕ್‌ಡಿಸ್ಕ್‌ನ ಪಕ್ಷಪಾತಿಗಳು ಇಲ್ಲಿ ಮಾತಿಗೆ ಬರುತ್ತಾರೆ: ಎಷ್ಟೋ ಡಿಸ್ಕುಗಳು ಅದರಿಂದ ಬದುಕಿವೆ ಎಂದು. ಬದುಕಿವೆ, ನಿಜ. ತಟ್ಟೆಗಳು ಆರೋಗ್ಯವಾಗಿದ್ದು, ಅವಸರದಲ್ಲಿ ಕಿತ್ತದ್ದರಿಂದ ಮಾತ್ರ ಲೆಕ್ಕ ತಪ್ಪಿದ್ದರೆ ಅದು ಒಳ್ಳೆಯ ಉಪಕರಣ. ಆದರೆ ಅದರ ಗುರಿ ಫೈಲ್ ಸಿಸ್ಟಮನ್ನು ಒಪ್ಪವಾಗಿಸುವುದು, ಫೈಲುಗಳನ್ನು ಉಳಿಸುವುದಲ್ಲ. ಒಪ್ಪಕ್ಕೆ ಅಡ್ಡ ಬಂದ ದಾಖಲೆಗಳನ್ನು ಅದು ಮುಲಾಜಿಲ್ಲದೆ ಕತ್ತರಿಸುತ್ತದೆ. ಸಾಯುತ್ತಿರುವ ಡಿಸ್ಕಿನಲ್ಲಿ ಒಂದು ಸೆಕ್ಟರ್ ಓದಲಾಗದೆ ಹೋದರೆ ಅದರಲ್ಲಿದ್ದ ಫೋಲ್ಡರಿನ ದಾಖಲೆಯೇ ಇಲ್ಲವೆಂದು ತೀರ್ಮಾನಿಸಿ ಮುಂದೆ ಹೋಗಬಹುದು. ಡಿಸ್ಕ್ ಯಾವ ಬಗೆಯದ್ದೆಂದು ತಿಳಿಯದೆ ಅದನ್ನು ಓಡಿಸುವುದು ಜೂಜು, ತಿಳಿಯಲು ದಾರಿ ಇರುವಾಗ ಜೂಜಾಡಬೇಕಿಲ್ಲ. ಡಿಸ್ಕ್ ತನ್ನ ಆರೋಗ್ಯದ ದಾಖಲೆಯನ್ನು ಸ್ಮಾರ್ಟ್ ಎಂಬ ವ್ಯವಸ್ಥೆಯಲ್ಲಿ ತಾನೇ ಇಟ್ಟುಕೊಳ್ಳುತ್ತದೆ. ಅದರಲ್ಲಿ 5, 197, 198ನೇ ಸಾಲುಗಳು ಮುಖ್ಯ: ಬದಲಿಸಿದ ಸೆಕ್ಟರುಗಳು, ಓದಲಾಗದೆ ಕಾದು ಕೂತಿರುವ ಸೆಕ್ಟರುಗಳು, ಕೈಬಿಟ್ಟ ಸೆಕ್ಟರುಗಳು. ಮೂರೂ ಸೊನ್ನೆಯಾಗಿದ್ದರೆ ಧೈರ್ಯ ಹೆಚ್ಚು, ಖಾತರಿ ಇಲ್ಲದಿದ್ದರೂ. 197ರಲ್ಲಿ ಏರುವ ಸಂಖ್ಯೆ ಕಂಡರೆ ಮಾಡಬೇಕಾದ ಒಂದೇ ಕೆಲಸ ಇಡೀ ಡಿಸ್ಕಿನ ಪ್ರತಿಯನ್ನು ಇನ್ನೊಂದು ದೊಡ್ಡ ಡಿಸ್ಕಿಗೆ ತೆಗೆಯುವುದು. ಗ್ನೂ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಇದಕ್ಕೆಂದೇ ಇದೆ. ಸುಲಭವಾಗಿ ಓದಲು ಸಿಗುವ ಭಾಗಗಳನ್ನು ಮೊದಲು ಬಾಚಿಕೊಂಡು, ಹಟ ಮಾಡುವ ಜಾಗಗಳನ್ನು ಕೊನೆಗಿಟ್ಟುಕೊಳ್ಳುತ್ತದೆ, ಎಲ್ಲಿಗೆ ಬಂದಿತ್ತೆಂದು ಒಂದು ನಕ್ಷೆಯಲ್ಲಿ ಬರೆದಿಟ್ಟುಕೊಂಡು ಮರುದಿನ ಅಲ್ಲಿಂದಲೇ ಮುಂದುವರಿಯುತ್ತದೆ. ಚೆಕ್‌ಡಿಸ್ಕಾಗಲಿ ರಿಕವರಿ ತಂತ್ರಾಂಶವಾಗಲಿ ಆ ಪ್ರತಿಯ ಮೇಲೆ ಎಷ್ಟು ಸಲ ಬೇಕಾದರೂ ಓಡಲಿ, ಕೆಟ್ಟರೆ ಇನ್ನೊಂದು ಪ್ರತಿ ಮಾಡಿಕೊಳ್ಳಬಹುದು. ಇದಕ್ಕೆ ಇನ್ನೊಂದು ಡಿಸ್ಕ್ ಕೊಳ್ಳಬೇಕಲ್ಲ ಎಂದರೆ, ಹೌದು, ಕೊಳ್ಳಬೇಕು. ಹೇಗೂ ಹಳೆಯದನ್ನು ಇನ್ನು ನಂಬುವಂತಿಲ್ಲ.

ಟಕ್ ಟಕ್ ಎಂದು ಒಂದೇ ತಾಳದಲ್ಲಿ ಬಡಿಯುತ್ತಿರುವ ಡಿಸ್ಕಿಗೆ ಈ ಪ್ರತಿ ತೆಗೆಯುವ ಕೆಲಸವೂ ಸಲ್ಲದು, ಒಳ್ಳೆಯ ಕೇಬಲ್ಲು, ಸಾಕಷ್ಟು ವಿದ್ಯುತ್ತು ಇದ್ದಾಗಲೂ ಆ ಸದ್ದು ಬರುತ್ತಿದ್ದರೆ. ಓದುವ ತಲೆಗಳು ತಟ್ಟೆಯ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ಹಾರುತ್ತವೆ. ಅವೇ ಕೆಟ್ಟಿರುವಾಗ ಡಿಸ್ಕ್ ತಿರುಗುವ ಪ್ರತಿ ನಿಮಿಷವೂ ತಟ್ಟೆಯನ್ನು ಗೀರುತ್ತಿರಬಹುದು. ಫ್ರೀಜರಿನಲ್ಲಿ ಇಟ್ಟು ತೆಗೆಯಿರಿ ಎಂಬ ಹಳೆಯ ಮಾತನ್ನು ಕೇಳಿ ತೇವ ಹಿಡಿಸಿದರೆ ಇನ್ನೂ ಕೆಡುತ್ತದೆ. ಮುಚ್ಚಳ ಬಿಚ್ಚಿ ನೋಡುವುದಂತೂ ಬೇಡವೇ ಬೇಡ. ಇದು ಧೂಳಿಲ್ಲದ ಕೋಣೆಯಿರುವ ರಿಕವರಿ ಲ್ಯಾಬಿನ ಕೆಲಸ, ಅವರ ಶುಲ್ಕ ಡಿಸ್ಕಿನ ಬೆಲೆಯ ಹಲವು ಪಟ್ಟು. ಅಷ್ಟು ಕೊಡಲು ಒಳಗಿನದ್ದು ತೂಗುತ್ತದೆಯೇ ಎಂಬುದನ್ನು ಡಿಸ್ಕಿನ ಒಡೆಯರೇ ನಿರ್ಧರಿಸಬೇಕು, ಆದರೆ ಆ ನಿರ್ಧಾರಕ್ಕೆ ಮೊದಲು ಪ್ಲಗ್ ಕಿತ್ತಿಟ್ಟಿರಬೇಕು.

ಸದ್ದಿಲ್ಲದೆ ಸತ್ತಂತೆ ಕಾಣುವ ಡ್ರೈವುಗಳಲ್ಲಿ ಡಿಸ್ಕ್ ಚೆನ್ನಾಗಿದ್ದು, ಅದಕ್ಕೂ ಯುಎಸ್‌ಬಿಗೂ ನಡುವಿನ ದುಭಾಷಿ, ಅಂದರೆ ಬ್ರಿಡ್ಜ್ ಚಿಪ್ಪಿರುವ ಪುಟ್ಟ ಬೋರ್ಡು ಕೆಟ್ಟಿರುವುದುಂಟು. ಪೆಟ್ಟಿಗೆ ಬಿಡಿಸಿ, ಡಿಸ್ಕನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಊರಿನ ಕಂಪ್ಯೂಟರ್ ಅಂಗಡಿಯಲ್ಲೋ ಸಿಗುವ ಬೇರೆ ಕವಚಕ್ಕೆ ಹಾಕಿದರೆ ಆಯಿತು ಎಂಬುದು ಈ ಸಂದರ್ಭದ ಜಾಣ ಸಲಹೆ. ಕೆಲವು ಡ್ರೈವುಗಳಿಗೆ ಸರಿ. ಕೆಲವು ಪೋರ್ಟಬಲ್ ಮಾದರಿಗಳಲ್ಲಿ ಮಾತ್ರ ಯುಎಸ್‌ಬಿ ಪೋರ್ಟನ್ನು ಡಿಸ್ಕಿನ ಬೋರ್ಡಿಗೇ ಬೆಸೆದಿರುತ್ತಾರೆ, ಒಳಗೆ ಸಾಟಾ ಕನೆಕ್ಟರ್ ಎಂಬುದೇ ಇರುವುದಿಲ್ಲ. ಇನ್ನು ಕೆಲವದರಲ್ಲಿ ಆ ಚಿಪ್ಪು ಬಳಕೆದಾರರು ಪಾಸ್‌ವರ್ಡ್ ಹಾಕಿರದಿದ್ದರೂ ಎಲ್ಲವನ್ನೂ ಗೂಢಲಿಪಿಯಲ್ಲಿ ಬರೆಯುತ್ತಿರುತ್ತದೆ. ಚಿಪ್ಪಿಲ್ಲದೆ ಡಿಸ್ಕನ್ನು ಓದಿದರೆ ಸಿಗುವುದು ಕಸ. ಬೇರೆ ಕವಚದಲ್ಲಿ ಹಾಕಿದಾಗ ಡಿಸ್ಕ್ ರಾ ಎಂದು ಕಂಡರೆ ಡೇಟಾ ಹೋಯಿತೆಂದು ಫಾರ್ಮ್ಯಾಟ್‌ಗೆ ಕೈ ಹಾಕುವ ಮೊದಲು ಇದನ್ನು ನೆನೆಯಬೇಕು. ಹಳೆಯ ಕವಚ 4096 ಬೈಟಿನ ಸೆಕ್ಟರುಗಳಲ್ಲಿ ಲೆಕ್ಕ ಹೇಳುತ್ತಿದ್ದು ಹೊಸದು 512ರಲ್ಲಿ ಹೇಳಿದರೂ ಪಟ್ಟಿ ಅರ್ಥವಾಗದೆ ಹೋಗುತ್ತದೆ.

ಇನ್ನೊಂದು ಸಂದರ್ಭದಲ್ಲಿ ತಪ್ಪು ಯಾರದ್ದೂ ಅಲ್ಲ. ಅನೇಕ ಕಂಪನಿಗಳು ಕೆಲಸಕ್ಕೆ ಕೊಡುವ ಲ್ಯಾಪ್‌ಟಾಪ್‌ಗಳಲ್ಲಿ ಯುಎಸ್‌ಬಿ ಸಂಗ್ರಹವನ್ನು ನೀತಿಯಾಗಿಯೇ ಮುಚ್ಚಿರುತ್ತವೆ; 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ದುಷ್ಟ ತಂತ್ರಾಂಶ ಪೆನ್‌ಡ್ರೈವಿನ ಮೂಲಕ ಹರಡಿದ್ದನ್ನು ಕಂಡವರಿಗೆ ಅದು ಅತಿ ಎನಿಸದು. ಮೌಸ್ ನಡೆಯುತ್ತದೆ, ಚಾರ್ಜ್ ಆಗುತ್ತದೆ, ಡ್ರೈವ್ ಮಾತ್ರ ಕಾಣುವುದಿಲ್ಲ. ರಿಜಿಸ್ಟ್ರಿ ತಿದ್ದಿ ಬೀಗ ತೆಗೆಯುವ ಉಪಾಯಗಳು ಸಿಗುತ್ತವೆ, ಕೆಲಸ ಉಳಿಸಿಕೊಳ್ಳಬೇಕೆನ್ನುವವರು ಅತ್ತ ಹೋಗದಿರುವುದು ಲೇಸು.

ಬ್ಯಾಕಪ್ ಇದ್ದಿದ್ದರೆ ಈ ಚರ್ಚೆಯೇ ಬೇಡವಿತ್ತಲ್ಲ ಎನ್ನುವವರ ಮಾತು ತರ್ಕಕ್ಕೆ ಸರಿ, ನಡವಳಿಕೆಗೆ ಅಲ್ಲ. ನಮ್ಮಲ್ಲಿ ಎಕ್ಸ್‌ಟರ್ನಲ್ ಡಿಸ್ಕನ್ನೇ ಬ್ಯಾಕಪ್ ಎಂದು ಕರೆದು, ಲ್ಯಾಪ್‌ಟಾಪ್‌ನಲ್ಲಿ ಜಾಗ ಸಾಲದೆಂದು ಮೂಲವನ್ನು ಅಳಿಸುವುದು ರೂಢಿ. ಆ ಗಳಿಗೆಯಿಂದ ಅದು ಪ್ರತಿಯಲ್ಲ, ಇರುವ ಒಂದೇ ಒಂದು.

ಪೆನ್‌ಡ್ರೈವ್, ಎಸ್‌ಎಸ್‌ಡಿಗಳಿಗೆ ಬಂದಾಗ ಮೇಲಿನ ಕ್ರಮ ಬದಲಾಗುವುದಿಲ್ಲ, ಗಡುವು ಮಾತ್ರ ಬಿಗಿಯಾಗುತ್ತದೆ. ಹಾರ್ಡ್‌ಡಿಸ್ಕಿನಲ್ಲಿ ಕ್ವಿಕ್ ಫಾರ್ಮ್ಯಾಟ್ ಆದ ಮೇಲೂ ಹಳೆಯ ಡೇಟಾ ತಟ್ಟೆಯ ಮೇಲೆ ಉಳಿದಿರುತ್ತದೆ. ಎಸ್‌ಎಸ್‌ಡಿಗೆ ಟ್ರಿಮ್ ಆದೇಶ ಹೋದರೆ ಅದು ಖಾಲಿಯಾದ ಜಾಗವನ್ನು ತಾನಾಗಿ ಒರೆಸಿಬಿಡುತ್ತದೆ, ಮರಳಿ ಪಡೆಯುವ ಮಾತು ಬಹುತೇಕ ಮುಗಿಯುತ್ತದೆ. ಪೆನ್‌ಡ್ರೈವಿನ ಕಂಟ್ರೋಲರ್ ಸತ್ತರೆ ಮೊದಲೇ ಸದ್ದು, ಸೂಚನೆ ಎಂಬುದಿಲ್ಲ. ಇವುಗಳಲ್ಲಿ ಇನ್ನೊಂದು ಜಾತಿಯೂ ಇದೆ: ಕೆಲವು ನೂರು ರೂಪಾಯಿಗೆ 2 ಟಿಬಿ ಎಂದು ಮಾರುವ ನಕಲಿಗಳು. ಒಳಗಿರುವುದು ಅದರ ಸಣ್ಣ ಭಾಗ, ಕಂಟ್ರೋಲರ್ ಮಾತ್ರ ದೊಡ್ಡ ಸಂಖ್ಯೆ ಹೇಳುತ್ತದೆ. ನಿಜವಾದ ಜಾಗ ತುಂಬಿದ ಮೇಲೆ ಬರೆದದ್ದು ಕಾಣೆಯಾಗುತ್ತದೆ ಅಥವಾ ಮೊದಲಿನದರ ಮೇಲೇ ಬೀಳುತ್ತದೆ, ಒಂದು ದಿನ ಫಾರ್ಮ್ಯಾಟ್ ಮಾಡಲೇ ಎಂಬ ಪೆಟ್ಟಿಗೆ ಬರುತ್ತದೆ. ಇದಕ್ಕೆ ರಿಪೇರಿ ಇಲ್ಲ. ಎಚ್2ಟೆಸ್ಟ್‌ಡಬ್ಲ್ಯೂ, ಎಫ್3 ಎಂಬ ಉಚಿತ ತಂತ್ರಾಂಶಗಳು ಡ್ರೈವನ್ನು ತುದಿಯವರೆಗೆ ತುಂಬಿಸಿ, ಮತ್ತೆ ಓದಿ, ನಿಜವಾದ ಗಾತ್ರ ಹೇಳುತ್ತವೆ. ಅವೂ ಬರೆಯುವ ಪೈಕಿಯವೇ ಆದ್ದರಿಂದ ಓಡಿಸಬೇಕಾದದ್ದು ಡ್ರೈವ್ ಕೊಂಡ ದಿನ, ಅದಿನ್ನೂ ಖಾಲಿ ಇರುವಾಗ.